ಪಹಣಿಯಲ್ಲಿ ಇಲ್ಲದ ಊರು

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಕೂಲಿ, ಬೋನಸ್ಸಿನ ಮಾತು ಕೇಳಲು ಬಂದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅಂಗಡಿ ಲೈಸೆನ್ಸಿನ ಮಾತಿಗೆ ಬಂದವರೂ ಇರಬಹುದು. ಆ ಮಾತುಗಳು ನಮಗೆ ನಿತ್ಯದವು, ನಾಳೆಯ ಸಭೆಯಲ್ಲೂ ಇವೆ. ಈ ಸಂಜೆ ಮಾತ್ರ ಒಂದು ಸಣ್ಣ ಹಳ್ಳಿಯ ಮತ್ತು ಅದರ ಆಸುಪಾಸಿನ ಸೀಮೆಯ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಗಿರಣಿಯವರಿಗೆ ಹಳ್ಳಿಯ ಗೊಡವೆ ಏಕೆ ಎಂದು ಕೇಳಬೇಡಿ. ನಮ್ಮಲ್ಲಿ ಹಳ್ಳಿಯ ಋಣವಿಲ್ಲದವರು ಯಾರಿದ್ದಾರೆ? ಒಬ್ಬರಿಗೆ ತಾಯಿಯ ತವರು ಇಲ್ಲಿಂದ ನಾಲ್ಕು ಮೈಲಿ, ಇನ್ನೊಬ್ಬರಿಗೆ ತಂಗಿಯನ್ನು ಕೊಟ್ಟ ಊರು ಆರು ಮೈಲಿ. ಅಂಗಡಿಯವರಿಗಂತೂ ಸಂತೆಯ ದಿನ ಹಳ್ಳಿ ಬಂದರೆ ವ್ಯಾಪಾರ, ಬಾರದಿದ್ದರೆ ನೊಣ ಹೊಡೆಯುವ ಕೆಲಸ.

ನಾವು ಹೇಳಹೊರಟಿರುವ ಹಳ್ಳಿಯ ಹೆಸರು ಚಲ್ಲಘಟ್ಟ. ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿದ ಮೇಲೆ ಸಿಕ್ಕುವ ಊರು. ಬೆಂಗಳೂರಿಗೆ ಹೋಗಿಬಂದವರು ಈ ಹೆಸರನ್ನು ಕೇಳಿಯೇ ಇರುತ್ತೀರಿ. ನೇರಳೆ ಬಣ್ಣದ ಮೆಟ್ರೊ ಗಾಡಿ ಹತ್ತಿದರೆ ನಿಲ್ದಾಣ ನಿಲ್ದಾಣಕ್ಕೂ ಅದೇ ಹೆಸರು ಕೂಗುತ್ತಾರೆ, ಹಲಗೆಯ ಮೇಲೂ ಅದೇ ಹೆಸರು ಹೊಳೆಯುತ್ತದೆ. 2021ರ ಆಗಸ್ಟ್ ಕೊನೆಗೆ ಆ ಗಾಡಿ ಕೆಂಗೇರಿಯವರೆಗೆ ಬಂತು, 2023ರ ಅಕ್ಟೋಬರ್ 9ರಂದು ಚಲ್ಲಘಟ್ಟಕ್ಕೆ ಬಂತು. ಪೂರ್ವದ ವೈಟ್‌ಫೀಲ್ಡ್ ಕಾಡುಗೋಡಿಯಿಂದ ಪಶ್ಚಿಮದ ಚಲ್ಲಘಟ್ಟದವರೆಗೆ 43 ಕಿಲೋಮೀಟರಿಗೂ ಮಿಕ್ಕಿದ ದಾರಿ, 37 ನಿಲ್ದಾಣ. ದಿನಕ್ಕೆ ಲಕ್ಷಗಟ್ಟಲೆ ಜನರ ಕಿವಿಯ ಮೇಲೆ ಈ ಊರಿನ ಹೆಸರು ಬೀಳುತ್ತದೆ. ಅವರಲ್ಲಿ ಆ ಊರನ್ನು ಕಂಡವರು ಎಷ್ಟು ಮಂದಿ? ಹೆಸರನ್ನು ನಾಡಿಗೆಲ್ಲ ಸಾರಿದರು. ಊರಿನವರ ಮಾತನ್ನು ಕೇಳಿದರೇ? ನಮ್ಮ ಪ್ರಶ್ನೆ ಇದು.

ಈ ಸೀಮೆಯ ಊರುಗಳ ಹೆಸರನ್ನು ಸ್ವಲ್ಪ ಗಮನಿಸಿ. ಚಲ್ಲಘಟ್ಟ, ಕೊಮ್ಮಘಟ್ಟ, ರಾಮಸಂದ್ರ, ಸೂಲಿಕೆರೆ, ಭೀಮನಕುಪ್ಪೆ, ಕೆಂಚನಪುರ, ಮಂಗನಹಳ್ಳಿ, ಸೀಗೇಹಳ್ಳಿ. ಸಂದ್ರವೆಂದರೆ ಸಮುದ್ರ, ಅಂದರೆ ಕೆರೆ. ಸೂಲಿಕೆರೆಯಲ್ಲಿ ಕೆರೆ ಎಂಬ ಮಾತೇ ಇದೆ. ಕೊಮ್ಮಘಟ್ಟ ಕೃಷ್ಣಸಾಗರ, ಭೀಮನಕುಪ್ಪೆ ರಾಮಸಾಗರ ಎಂಬ ಊರುಗಳೂ ಇವೆ. ಸಾಗರವೂ ಕೆರೆಯೇ. ಹೊಳೆಯ ನೀರಾವರಿ ಇಲ್ಲದ ಬಯಲುಸೀಮೆಯಲ್ಲಿ ಹಿರಿಯರು ಮೊದಲು ಕೆರೆ ಕಟ್ಟಿದರು, ಆಮೇಲೆ ಊರು ಕಟ್ಟಿದರು. ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿ ಹೊಲ, ಹೊಲದ ಆಚೆ ಗೋಮಾಳ, ಊರ ಬಾಗಿಲಲ್ಲಿ ಗುಂಡುತೋಪು. ಇವೆಲ್ಲ ಸೇರಿದರೆ ಊರು. ಇವುಗಳಲ್ಲಿ ಗದ್ದೆ ಹೊಲಗಳಿಗೆ ಒಬ್ಬೊಬ್ಬ ಒಡೆಯನಿದ್ದ. ಕೆರೆ, ಗೋಮಾಳ, ತೋಪುಗಳಿಗೆ ಊರೇ ಒಡೆಯ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಸರ್ಕಾರದ ಪುಸ್ತಕದಲ್ಲಿ ಊರೆಂದರೆ ಏನು ಎಂಬುದನ್ನು ನೋಡೋಣ. ಅಲ್ಲಿ ಕಂದಾಯ ಗ್ರಾಮ ಎಂಬುದು ಒಂದು. ಅದಕ್ಕೆ ನಕ್ಷೆ ಉಂಟು, ಸರ್ವೆ ನಂಬರು ಉಂಟು, ಪಹಣಿ ಉಂಟು. ಮನೆಗಳಿರುವ ಜಾಗಕ್ಕೆ ಗ್ರಾಮಠಾಣ ಎನ್ನುತ್ತಾರೆ. ಆದರೆ ಕಂದಾಯ ಗ್ರಾಮವಾದ ಮಾತ್ರಕ್ಕೆ ಆ ಊರಿಗೆ ತನ್ನದೇ ಆಡಳಿತ ಇರುವುದಿಲ್ಲ. ನಮ್ಮ ರಾಜ್ಯದ 1993ರ ಪಂಚಾಯತ್ ಕಾಯಿದೆಯಂತೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯತಿ. ಸಣ್ಣ ಊರುಗಳೆಲ್ಲ ನಾಲ್ಕೈದು ಕೂಡಿ ಒಂದು ಪಂಚಾಯತಿಯ ಕೆಳಗೆ ಬರುತ್ತವೆ, ಕಚೇರಿ ಬೇರೆ ಊರಿನಲ್ಲಿರುತ್ತದೆ. ಹೀಗೆ ತನ್ನದೆಂಬ ಸಂಸ್ಥೆಯಿಲ್ಲದ, ಬರೀ ಹೆಸರಿನಿಂದ ನಿಂತಿರುವ ಊರುಗಳೇ ನಮ್ಮ ನಾಡಿನಲ್ಲಿ ಹೆಚ್ಚು.

ಇದಕ್ಕೂ ಕೆಳಗಿನ ಮೆಟ್ಟಿಲು ಒಂದಿದೆ. ದಾಖಲೆಯಲ್ಲಿ ಊರೇ ಅಲ್ಲದ ಊರುಗಳು. ಹಟ್ಟಿ, ತಾಂಡ, ಹಾಡಿ, ದೊಡ್ಡಿ, ಪಾಳ್ಯ, ಕಾಲೋನಿ ಎಂದು ಅವಕ್ಕೆ ನಾನಾ ಹೆಸರು. ಕಂದಾಯ ಇಲಾಖೆಯ ಹಳೆಯ ಭಾಷೆಯಲ್ಲಿ ಬೇಚರಾಕ್ ಗ್ರಾಮ ಎಂಬ ಮಾತಿದೆ. ದೀಪವಿಲ್ಲದ ಊರು ಎಂದು ಅದರ ಅರ್ಥ. ಜನ ಬಿಟ್ಟುಹೋಗಿ ಹಾಳುಬಿದ್ದಿದ್ದರೂ ಅದಕ್ಕೆ ನಕ್ಷೆಯಿದೆ, ನಂಬರಿದೆ. ಈ ತಾಂಡ, ಹಟ್ಟಿಗಳಲ್ಲಿ ಮನೆಮನೆಗೂ ದೀಪವಿದೆ, ನಕ್ಷೆ ಮಾತ್ರ ಇಲ್ಲ. ಜನವಿಲ್ಲದ ಊರು ಪುಸ್ತಕದಲ್ಲಿದೆ, ಜನವಿರುವ ಊರು ಪುಸ್ತಕದಲ್ಲಿಲ್ಲ!

ಇದನ್ನು ಸರಿಪಡಿಸಲು ದಾರಿ ತೆರೆದದ್ದು ಭೂಸುಧಾರಣಾ ಕಾಯಿದೆಗೆ ತಂದ 2016ರ ತಿದ್ದುಪಡಿ. ವಾಸಿಸುವವನೇ ನೆಲದೊಡೆಯ ಎಂಬುದು ಅದರ ಸಾರ. ಅದನ್ನು ಮುಂದೆ ತಂದ ಕಂದಾಯ ಮಂತ್ರಿಗಳು ಕಾಗೋಡು ತಿಮ್ಮಪ್ಪನವರು. ಅದೇ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು, ಡಾಕ್ಟರ್ ಲೋಹಿಯಾ ಬಂದು ದಸ್ತಗಿರಿಯಾಗಿದ್ದರು. ಆ ಕೂಗು 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನಾಯಿತು. ಉಳುವವನ ಮಾತು ಕಾನೂನಾಗಲು 23 ವರ್ಷ ಹಿಡಿಯಿತು, ವಾಸಿಸುವವನ ಮಾತು ಬರಲು ಇನ್ನೂ 42 ವರ್ಷ. ತಾಂಡ, ಹಟ್ಟಿಗಳ ಜನರಿಗೆ 2023ರಲ್ಲಿ ಮಳಖೇಡದಲ್ಲಿ, 2025ರಲ್ಲಿ ಹೊಸಪೇಟೆಯಲ್ಲಿ ಹಕ್ಕುಪತ್ರ ಹಂಚಿದರು. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ದೂರದ ತಾಂಡಕ್ಕೆ ಊರೆಂಬ ಪದವಿ ಕೊಡುತ್ತಿರುವ ಕಾಲದಲ್ಲಿಯೇ ರಾಜಧಾನಿಯ ಮಗ್ಗುಲಲ್ಲಿ ಇದ್ದ ಊರಿಗೆ ಆ ಪದವಿ ತಪ್ಪಿಹೋಗುತ್ತಿದೆ. ಅದು ಹೇಗೆ ಎಂಬುದನ್ನು ಹೇಳುತ್ತೇವೆ.

ಬೆಂಗಳೂರಿನ ಪಶ್ಚಿಮ ಭಾಗವನ್ನು ಈ ದೇಶದ ಕಾರ್ಮಿಕರು ಕಟ್ಟಿದರು. 1884ರಲ್ಲಿ ಹುಟ್ಟಿದ ಬಿನ್ನಿ ಮಿಲ್ಲು ಅಲ್ಲಿ, ಮಿನರ್ವ ಮಿಲ್ಲು ಅಲ್ಲಿ. 1945ರಲ್ಲಿ ನಗರಾಭಿವೃದ್ಧಿಗೆ ಒಂದು ಟ್ರಸ್ಟ್ ಬೋರ್ಡು ಬಂತು. 1949ರಲ್ಲಿ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದು ಹೂಡಿದರು. ಕಾರ್ಖಾನೆಯ ಬಳಿಯಲ್ಲೇ ಕಾರ್ಮಿಕನಿಗೆ ಮನೆ ಎಂಬ ಆಸೆ ಆಗ ಇತ್ತು. ಆ ನಗರ ಬರಿಯ ಬಯಲಿನ ಮೇಲೆ ಎದ್ದದ್ದಲ್ಲ. ಅಲ್ಲಿ ಕೇತಮಾರನಹಳ್ಳಿ ಇತ್ತು. ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೆಗುರುವನಹಳ್ಳಿ ಇತ್ತು. ವಿಜಯನಗರದ ಜಾಗದಲ್ಲಿ ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆಗಳಿದ್ದವು. ಈಗಲೂ ಆ ಹೆಸರುಗಳು ಬಸ್ಸಿನ ಹಲಗೆಯಲ್ಲಿ, ಮೆಟ್ರೊ ನಿಲ್ದಾಣದಲ್ಲಿ ಉಳಿದಿವೆ. ನೇರವಾದ ಅಡ್ಡರಸ್ತೆಗಳ ನಡುವೆ ಎಲ್ಲಾದರೂ ಸೊಟ್ಟಗಿನ ಓಣಿ, ಅರಳಿಕಟ್ಟೆ, ಒಂದು ಮಾರಮ್ಮನ ಗುಡಿ ಕಂಡರೆ ಅದು ಹಳೆಯ ಊರೆಂದು ತಿಳಿಯಿರಿ.

ಆ ಹಳ್ಳಿಗಳು ನಮ್ಮವರಿಗೆ ಏನು ಮಾಡಿದವು? ಟ್ರಸ್ಟ್ ಬೋರ್ಡಿನ ನಿವೇಶನ ಸಿಕ್ಕದ ಗಿರಣಿಯಾಳಿಗೆ, ಪೀಣ್ಯ, ಕಾಮಾಕ್ಷಿಪಾಳ್ಯಗಳ ಲೇತು ಯಂತ್ರದವನಿಗೆ, ಈಚಿನ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಬಾಡಿಗೆಗೆ ಕೋಣೆ ಕೊಟ್ಟವು. ನಮ್ಮ ಜಿಲ್ಲೆಯಿಂದ ಹೋದ ಹುಡುಗರು ಈಗಲೂ ಸುಂಕದಕಟ್ಟೆ, ಲಗ್ಗೆರೆಯ ಕಡೆಗೇ ಕೋಣೆ ಹುಡುಕುತ್ತಾರೆ. ಹಳ್ಳಿಯ ರೈತ ಹೊಲವನ್ನು ತುಂಡುಮಾಡಿ ಮಾರಿದ್ದು, ಅದರಲ್ಲಿ ಕಾರ್ಮಿಕ ಎರಡು ಅಂಕಣದ ಮನೆ ಕಟ್ಟಿಕೊಂಡದ್ದು, ಅದೇ ಕಂದಾಯ ನಿವೇಶನ. ಕಾನೂನಿನ ಕಣ್ಣಿಗೆ ಅದು ಅನಧಿಕೃತ. ಆಮೇಲೆ ಅದಕ್ಕೆ ಬಿ ಖಾತೆ ಎಂದು ಹೆಸರಿಟ್ಟರು. ತೆರಿಗೆ ತೆಗೆದುಕೊಳ್ಳಲು ಮನೆ, ಹಕ್ಕು ಕೇಳಿದರೆ ಮನೆಯಲ್ಲ. 2025ರಲ್ಲಿ ಬಿ ಖಾತೆಯನ್ನು ಎ ಖಾತೆ ಮಾಡುವ ಯೋಜನೆ ತಂದರು, ಅದಕ್ಕೂ ಜಾಗದ ಮಾರ್ಗಸೂಚಿ ಬೆಲೆಯ ಮೇಲೆ ಶುಲ್ಕ. ಹಳ್ಳಿ ತನ್ನ ಪದವಿ ಕಳೆದುಕೊಂಡದ್ದಕ್ಕೂ ಕಾರ್ಮಿಕನ ಮನೆ ಅನಧಿಕೃತವಾದದ್ದಕ್ಕೂ ಮೂಲ ಒಂದೇ ಎಂಬುದು ಇದರಿಂದ ಕಾಣುತ್ತದೆ. ಇಬ್ಬರನ್ನೂ ಕೇಳದೆ ನಕ್ಷೆ ಬರೆದರು.

ಇನ್ನೂ ಪಶ್ಚಿಮಕ್ಕೆ ಬಂದರೆ ಕೆಂಗೇರಿ. ಇದು ಮೈಸೂರು ದಾರಿಯ ಹಳೆಯ ಪೇಟೆ. 1860ರ ದಶಕದಲ್ಲಿ ಇಟಲಿಯ ಡಿ ವೆಚ್ಚಿ ಎಂಬಾತ ರೇಷ್ಮೆಯ ಕೆಲಸ ಹೂಡಿದ್ದು ಈ ಕೆಂಗೇರಿಯಲ್ಲಿ. 1880ರ ದಶಕದ ಆರಂಭದಲ್ಲಿ ಮೈಸೂರಿನ ರೈಲು ಈ ದಾರಿಯಲ್ಲಿ ಓಡಿತು. ಸುತ್ತಲಿನ ಹಳ್ಳಿಗಳಿಗೆ ಪೇಟೆ, ಆಸ್ಪತ್ರೆ, ಹೋಬಳಿ ಕಚೇರಿ ಎಲ್ಲವೂ ಕೆಂಗೇರಿಯೇ. ಪೇಟೆಯನ್ನು ಹಾದು ವೃಷಭಾವತಿ ಹರಿಯುತ್ತದೆ. ಆ ನದಿ ಬೆಂಗಳೂರಿನ ಒಳಗೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿಯ ಬಳಿ ಬೈರಮಂಗಲ ಕೆರೆಗೆ ಬಿದ್ದು, ಮುಂದೆ ಅರ್ಕಾವತಿಯನ್ನೂ ಅದರೊಡನೆ ಕಾವೇರಿಯನ್ನೂ ಸೇರುತ್ತದೆ. ನಗರದ ಪಶ್ಚಿಮ ಭಾಗದ ಹೊಲಸನ್ನೂ ಕಾರ್ಖಾನೆಯ ನೀರನ್ನೂ ಅದರಲ್ಲಿ ಬಿಟ್ಟರು. ನಗರದ ಕುಡಿಯುವ ನೀರು ಹಳ್ಳಿಗೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ನಗರದ ಕೊಳಚೆ ಹಳ್ಳಿಗೆ ಬಂತು. ಅದಕ್ಕೆ ಅರ್ಜಿ ಹಾಕಬೇಕಾಗಲಿಲ್ಲ.

ಕುಡಿಯುವ ನೀರಿನ ಕಥೆಯನ್ನೂ ಕೇಳಿ. 2007ರಲ್ಲಿ ಏಳು ನಗರಸಭೆಗಳನ್ನೂ, ಕೆಂಗೇರಿ ಪುರಸಭೆಯನ್ನೂ, 110 ಹಳ್ಳಿಗಳನ್ನೂ ಬೆಂಗಳೂರಿಗೆ ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದರು. ಹಳ್ಳಿಗಳಿಗೆ ಕಾವೇರಿ ಬರುತ್ತದೆ, ಒಳಚರಂಡಿ ಬರುತ್ತದೆ ಎಂದರು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ಬೆಲೆ ಗಗನಕ್ಕೇರಿ, ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಸೇರ್ಪಡೆಯ ವರ್ಷ ಹುಟ್ಟಿದ ಮಗು ಹೈಸ್ಕೂಲು ಮುಗಿಸುವ ತನಕ ಟ್ಯಾಂಕರಿನ ನೀರು ಕುಡಿಯಿತು.

ಈಗ ಭೂಮಿಯ ವಿಚಾರಕ್ಕೆ ಬರೋಣ. ಚಲ್ಲಘಟ್ಟ, ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ ಮುಂತಾದ 12 ಹಳ್ಳಿಗಳ ಭೂಮಿಯನ್ನು ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಗೊತ್ತುಮಾಡಿತು. ಮೊದಲ ಪ್ರಕಟಣೆ 2008ರಲ್ಲಿ, ಕೊನೆಯ ಪ್ರಕಟಣೆ 2010ರಲ್ಲಿ. ಕೊನೆಯ ಲೆಕ್ಕದಂತೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಎಕರೆ. ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಗೆ 100 ಮೀಟರ್ ಅಗಲದ ಹೆದ್ದಾರಿ. 2016ರಲ್ಲಿ, ಮತ್ತೆ 2018ರಲ್ಲಿ ಸಾವಿರಾರು ನಿವೇಶನಗಳ ಹಂಚಿಕೆ. ನಿವೇಶನ ಪಡೆದವರೂ ಸುಖಪಟ್ಟವರಲ್ಲ. ಸಾಲ ಮಾಡಿ ಹಣ ಕಟ್ಟಿದ ನೌಕರರು ನೀರಿಗೆ, ದೀಪಕ್ಕೆ, ಚರಂಡಿಗೆ ವರ್ಷಗಟ್ಟಲೆ ಕಾಯ್ದರು. ಭೂಮಿ ಕೊಟ್ಟವನೂ ಕೊಂಡವನೂ ಒಂದೇ ಬಾಗಿಲಲ್ಲಿ ಸಾಲು ನಿಂತರು.

ಅಂಗಡಿಯ ಗೆಳೆಯರು ಲೆಕ್ಕದಲ್ಲಿ ಗಟ್ಟಿಗರು, ಈ ಲೆಕ್ಕ ಹಿಡಿಯಿರಿ. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ಶಾಲೆಯ ಜಾಗ ಎಂದು ಕಳೆದು, ನಿವೇಶನವಾಗಿ ಉಳಿಯುವುದು ನೂರಕ್ಕೆ 55 ಪಾಲು. ಅದರಲ್ಲಿ 60 ಪಾಲು ಪ್ರಾಧಿಕಾರಕ್ಕೆ, 40 ಪಾಲು ಹಣದ ಬದಲು ಜಾಗ ಬೇಕೆಂದ ರೈತನಿಗೆ. ಗುಣಿಸಿ ನೋಡಿದರೆ ಎಕರೆಗೆ 9,583 ಚದರ ಅಡಿ. ಎಕರೆಗಟ್ಟಲೆ ಹೊಲ ಇದ್ದವನಿಗೆ ಇದು ಕೆಟ್ಟ ವ್ಯಾಪಾರವಲ್ಲ ಎನ್ನುವವರಿದ್ದಾರೆ. ಹತ್ತು ಗುಂಟೆಯವನಿಗೆ ಎಷ್ಟು ಬಂತು? ಒಂದು ಎಕರೆಗೆ 40 ಗುಂಟೆ. ಅವನ ಪಾಲಿಗೆ 2,400 ಚದರ ಅಡಿಯೂ ತುಂಬುವುದಿಲ್ಲ. ಅದು ಮನೆಗಾದೀತು, ಅನ್ನಕ್ಕಾಗುವುದಿಲ್ಲ. ಹೊಲ ವರ್ಷವರ್ಷವೂ ರಾಗಿ ಕೊಡುತ್ತದೆ, ನಿವೇಶನವನ್ನು ಒಂದೇ ಸಲ ಮಾರಬಹುದು.

ಹತ್ತು ಗುಂಟೆಯೂ ಇಲ್ಲದವರ ಮಾತೇನು? ನಮ್ಮ ಈ ಭಾಷಣದ ತಿರುಳು ಇದೇ. ನಾವು ಆ ಸೀಮೆಯ ಒಂದು ಹಳ್ಳಿಗೆ ಒಂದು ಭಾನುವಾರ ಹೋಗಿದ್ದೆವು. ಕೆರೆಯ ಏರಿಯ ಮೇಲೆ ಏಳೆಂಟು ಕುರಿ ಮೇಯಿಸುತ್ತ ಒಬ್ಬ ಅಜ್ಜಿ ಕೂತಿದ್ದರು. ಪರಿಹಾರ ಬಂತೇ ಅಜ್ಜಿ ಎಂದು ಕೇಳಿದೆವು. "ನಮ್ದು ಪಾಣೀಲಿ ಹೆಸ್ರಿಲ್ಲ ಕಣಪ್ಪ, ನಮಗ್ಯಾರು ಕೊಡ್ತಾರೆ?" ಎಂದರು. ಮೊದಲು ಮೂವತ್ತು ಕುರಿ ಇದ್ದವಂತೆ, ಮೇಯಿಸಲು ಬೀಳುಭೂಮಿ ಇತ್ತಂತೆ. ಹೊಲದ ಕಳೆ ಕೀಳುವ ಕೂಲಿ, ರಾಗಿ ಕುಯ್ಯುವ ಕೂಲಿ, ಸುಗ್ಗಿಯಲ್ಲಿ ಒಂದು ಮೂಟೆ ಕಾಳು. ಎಲ್ಲವೂ ಆ ಭೂಮಿಯಿಂದಲೇ ಬರುತ್ತಿತ್ತು. ಭೂಮಿ ಹೋದಾಗ ಭೂಮಿಯ ಒಡೆಯನಿಗೆ ಕಾಗದ ಬಂತು. ಅವರಿಗೆ ಯಾವ ಕಾಗದವೂ ಬರಲಿಲ್ಲ. ಯಾರ ಮೇಲೂ ಅವರು ಸಿಟ್ಟು ಮಾಡಲಿಲ್ಲ, ಬಿಸಿಲಿಗೆ ಬಂದ ನಮಗೆ ಕುಡಿಯಲು ನೀರು ಬೇಕೇ ಎಂದು ಕೇಳಿದರು.

ಬಂಧುಗಳೇ, ಪಹಣಿ ಎಂಬುದು ಭೂಮಿಯ ಲೆಕ್ಕ. ಅದು ಊರಿನ ಲೆಕ್ಕವಲ್ಲ. ಊರಿನಲ್ಲಿ ಕ್ಷೌರಿಕನಿದ್ದಾನೆ, ಮಡಿವಾಳನಿದ್ದಾನೆ, ಗಾಡಿ ಕೀಲು ಮಾಡುವ ಕಮ್ಮಾರನಿದ್ದಾನೆ, ಬಸ್‌ಸ್ಟಾಪಿನ ಚಹಾದಂಗಡಿಯವನಿದ್ದಾನೆ, ಹಾಲಿನ ಡೇರಿಗೆ ದಿನಕ್ಕೆ ನಾಲ್ಕು ಲೀಟರು ಹಾಕುವ ವಿಧವೆ ಇದ್ದಾಳೆ. ಇವರ ಹೆಸರು ಯಾವ ಸರ್ವೆ ನಂಬರಿನಲ್ಲಿದೆ? ನೂರು ಎಕರೆ ಹೊಲ ಹೋದರೆ ಚಹಾದಂಗಡಿಯ ಗಿರಾಕಿಯೂ ಹೋದ, ಕಮ್ಮಾರನ ಕುಲುಮೆಯೂ ಆರಿತು. ಪರಿಹಾರದ ಪಟ್ಟಿಯಲ್ಲಿ ಅವರು ನಷ್ಟಪಟ್ಟವರೇ ಅಲ್ಲ. ಅಂಗಡಿ ಇಟ್ಟವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಅಗಲ ಮಾಡುವಾಗ ಕಟ್ಟಡದ ಮಾಲೀಕನಿಗೆ ಹಣ ಬರುತ್ತದೆ. ಬಾಡಿಗೆಗೆ ಮೂವತ್ತು ವರ್ಷ ಅಂಗಡಿ ನಡೆಸಿದವನು ತಕ್ಕಡಿ ಎತ್ತಿಕೊಂಡು ಎದ್ದುಹೋಗಬೇಕು.

ಕಾನೂನಿನಲ್ಲಿ ದಾರಿಯೇ ಇಲ್ಲವೇ ಎಂದರೆ, ಇದೆ. ಪಾರ್ಲಿಮೆಂಟು 2013ರಲ್ಲಿ ಮಾಡಿದ ಭೂಸ್ವಾಧೀನ ಕಾಯಿದೆ ಭೂಮಿಯ ಒಡೆಯನನ್ನು ಮಾತ್ರ ನೋಡುವುದಿಲ್ಲ. ಮೂರು ವರ್ಷದಿಂದ ಆ ಭೂಮಿಯನ್ನೇ ನಂಬಿ ದುಡಿದ ಕೃಷಿ ಕೂಲಿಕಾರ, ಗೇಣಿದಾರ, ಪಾಲುಗಾರ, ಕಸುಬುದಾರ ಎಲ್ಲರೂ ಬಾಧಿತ ಕುಟುಂಬವೇ ಎಂದು ಅದು ಹೇಳುತ್ತದೆ. ಸಮಾಜದ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದನ್ನು ಮೊದಲೇ ಅಳೆಯಬೇಕು ಎನ್ನುತ್ತದೆ. ಆದರೆ ಬೆಂಗಳೂರಿನ ಬಡಾವಣೆಗಳಿಗೆ ಭೂಮಿ ಹಿಡಿಯುವುದು 1976ರ ಪ್ರಾಧಿಕಾರದ ಕಾಯಿದೆಯಂತೆ. ಆ ಕಾಯಿದೆಯಡಿ ಹಿಡಿದ ಭೂಮಿಗೆ 2013ರ ಕಾಯಿದೆ ಅನ್ವಯಿಸದು ಎಂಬ ವಾದವನ್ನು 2022ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನ್ಯಾಯಾಲಯ ಇದ್ದ ಕಾನೂನನ್ನು ಓದಿ ಹೇಳಿತು. ಕಾನೂನನ್ನು ಬದಲಿಸಬೇಕಾದ್ದು ವಿಧಾನಸಭೆ. ದೇಶದ ಕಾಯಿದೆ ಕುರಿಗಾಹಿ ಅಜ್ಜಿಯಂಥವರನ್ನೂ ಲೆಕ್ಕಕ್ಕೆ ಹಿಡಿಯುವಷ್ಟು ಮುಂದೆ ಹೋಗಿರುವಾಗ ರಾಜ್ಯದ ಕಾಯಿದೆ ಐವತ್ತು ವರ್ಷದ ಹಿಂದೆ ನಿಂತಿರುವುದು ನ್ಯಾಯವಲ್ಲ.

ಇನ್ನು ಊರೇ ಒಡೆಯನಾಗಿದ್ದ ಕೆರೆ, ಗೋಮಾಳ, ತೋಪುಗಳ ಗತಿ. ಪಹಣಿಯಲ್ಲಿ ಇವು ಸರ್ಕಾರಿ, ಅಥವಾ ಬಿ ಖರಾಬು. ಒಬ್ಬನ ಸ್ವತ್ತಲ್ಲವಾದ್ದರಿಂದ ಯಾರಿಗೂ ಪರಿಹಾರವಿಲ್ಲ. ಹತ್ತು ತಲೆಮಾರು ಏರಿಗೆ ಮಣ್ಣು ಹೊತ್ತವರ ಶ್ರಮಕ್ಕೆ ಬೆಲೆಯೇ ಇಲ್ಲ. ಬೆಂಗಳೂರಿನ ಪೂರ್ವಕ್ಕೂ ಒಂದು ಚಲ್ಲಘಟ್ಟವಿತ್ತು, ಅಲ್ಲಿಯೂ ಕೆರೆಯಿತ್ತು. ಆ ಕೆರೆಯ ಅಂಗಳ ಗಾಲ್ಫ್ ಆಡುವ ಮೈದಾನವಾಯಿತು. ಹೆಸರು ಉಳಿದದ್ದು ಕೋರಮಂಗಲ ಚಲ್ಲಘಟ್ಟ ಕಣಿವೆ ಎಂದು, ನಗರದ ಕೊಳಚೆ ನೀರು ಹರಿಯುವ ಕಣಿವೆಗೆ. ಪಶ್ಚಿಮದ ಚಲ್ಲಘಟ್ಟದ ಹೆಸರು ರೈಲಿನ ಹಲಗೆಯಲ್ಲಿ ಮಾತ್ರ ಉಳಿಯಬಾರದು ಎಂಬುದು ನಮ್ಮ ಆತಂಕ.

ಇಷ್ಟೆಲ್ಲ ಆಗುವಾಗ ಊರಿನವರು ಎಲ್ಲಿ ಮಾತಾಡಬೇಕು? ಗ್ರಾಮ ಪಂಚಾಯತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಪಹಣಿ ಇಲ್ಲದವಳೂ ಎದ್ದು ನಿಂತು ಕೇಳಬಹುದು. ಗ್ರಾಮಸಭೆಯಲ್ಲಿ ದೋಷಗಳಿಲ್ಲವೆಂದಲ್ಲ. ಸಹಿ ಹಾಕಿಸಿಕೊಂಡು ಸಭೆ ಮುಗಿಸುವವರನ್ನು ನಾವೂ ಕಂಡಿದ್ದೇವೆ. ಆದರೂ ಅದು ಕಣ್ಣಿಗೆ ಕಾಣುವ ಬಾಗಿಲು. ನಗರಕ್ಕೆ ಸೇರಿದ ಹಳ್ಳಿಗೆ ಅದು ಹೋಯಿತು. 2011ರ ಜನಗಣತಿಯಂತೆ ಬೆಂಗಳೂರಿನ ಪಾಲಿಕೆಯ 84 ಲಕ್ಷ ಜನಕ್ಕೆ 198 ವಾರ್ಡು ಇದ್ದವು, ಎಂದರೆ ಒಬ್ಬ ಸದಸ್ಯನ ಪಾಲಿಗೆ 42,000 ಜನ. ನಾನೂರು ಎಲ್ಲಿ, ನಲವತ್ತೆರಡು ಸಾವಿರ ಎಲ್ಲಿ!

ಆ ಒಬ್ಬ ಸದಸ್ಯನೂ ಇಲ್ಲದ ಕಾಲವೇ ಬಹಳ. ಹಳ್ಳಿಗಳನ್ನು ಸೇರಿಸಿದ್ದು 2007ರಲ್ಲಿ, ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಮುಂದೆ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ಮೇಲೆ ಐದು ವರ್ಷ ಅಧಿಕಾರಿಗಳ ಆಡಳಿತದಲ್ಲೇ ಕಳೆಯಿತು. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯನ್ನು ಒಡೆದು ಪಶ್ಚಿಮ, ದಕ್ಷಿಣ, ಉತ್ತರ, ಪೂರ್ವ, ಕೇಂದ್ರ ಎಂದು ಐದು ನಗರ ಪಾಲಿಕೆ ಮಾಡಿದರು. ಹೆಸರು ಬದಲಾದಾಗಲೂ ಆಡಳಿತದ ಕುರ್ಚಿಯಲ್ಲಿ ಕೂತವರು ಅಧಿಕಾರಿಗಳೇ. ಸಂವಿಧಾನದ 74ನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ, ವಾರ್ಡು ಸಮಿತಿ ಬೇಕೆಂದು ಅದರಲ್ಲಿದೆ. ಕಾಗದದಲ್ಲಿರುವ ಬಾಗಿಲನ್ನು ತಟ್ಟುವುದು ಹೇಗೆ?

ಇಲ್ಲಿ ನಮ್ಮವರೇ ಕೆಲವರು ಒಂದು ಪ್ರಶ್ನೆ ಹಾಕುತ್ತಾರೆ. ನಗರ ಬೆಳೆಯಬಾರದೇ, ಕಾರ್ಮಿಕನಿಗೆ ಮನೆ ಬೇಡವೇ, ರೈಲು ಬಂದದ್ದು ತಪ್ಪೇ ಎಂದು. ಪ್ರಶ್ನೆ ನ್ಯಾಯವಾದದ್ದು. ರೈಲು ಬಂದದ್ದು ಒಳ್ಳೆಯದು, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವ ಹುಡುಗಿಗೆ ಅದು ದೊಡ್ಡ ಉಪಕಾರ. ಮನೆಯೂ ಬೇಕು, ರಸ್ತೆಯೂ ಬೇಕು. ಹಳ್ಳಿ ಹಳ್ಳಿಯಾಗಿಯೇ ಕೊಳೆಯಲಿ ಎನ್ನುವವರು ನಾವಲ್ಲ. ಹಳ್ಳಿಯಲ್ಲಿ ಜಾತಿಯ ಕಟ್ಟು ಇತ್ತು, ಕೆರೆಯ ನೀರಿಗೂ ಮಡಿಮೈಲಿಗೆ ಇತ್ತು, ಅದನ್ನು ಮರೆತು ಹಳ್ಳಿಯನ್ನು ಹೊಗಳುವುದೂ ಬೇಡ. ನಾವು ಕೇಳುವುದು ಇಷ್ಟೇ: ಊರಿನ ಮೇಲೆ ಊರು ಕಟ್ಟುವಾಗ ಇದ್ದ ಊರಿನವರನ್ನು ಕೇಳಿ ಕಟ್ಟಿ. ಹೊಲದವನನ್ನೂ ಕೇಳಿ, ಹೊಲವಿಲ್ಲದವನನ್ನೂ ಕೇಳಿ.

2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಕೃಷಿಕರಲ್ಲದವರೂ ಹಣವಿದ್ದಷ್ಟು ಸುಲಭವಾಗಿ ಕೃಷಿಭೂಮಿ ಕೊಳ್ಳಲು ದಾರಿಯಾಯಿತು. ಆದ್ದರಿಂದ ಈ ಮಾತು ಬೆಂಗಳೂರಿಗೆ ಮುಗಿಯುವುದಿಲ್ಲ. ನಮ್ಮ ಈ ಪಟ್ಟಣದ ಸುತ್ತಲೂ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿ, ನಿವೇಶನ ಮಾರಾಟಕ್ಕಿದೆ ಎಂಬ ಹಲಗೆ ನಿಂತಿರುವುದನ್ನು ನೀವು ದಿನವೂ ನೋಡುತ್ತೀರಿ. ನಾಳೆ ನಮ್ಮ ಸುತ್ತಲ ಹಳ್ಳಿಗಳನ್ನೂ ಪಟ್ಟಣಕ್ಕೆ ಸೇರಿಸುವ ಕಾಗದ ಬರುತ್ತದೆ. ಬಿಡದಿಯ ಬಳಿ, ವೃಷಭಾವತಿಯ ನೀರು ನಿಲ್ಲುವ ಅದೇ ಬೈರಮಂಗಲದ ಸುತ್ತ, ಹೊಸ ಟೌನ್‌ಶಿಪ್ಪಿಗೆ ಸಾವಿರಾರು ಎಕರೆ ಗೊತ್ತುಮಾಡಿದಾಗ 2025ರಲ್ಲಿ ರೈತರು ಧರಣಿ ಕೂತರು. ನಗರದ ಹೊಲಸು ನೀರನ್ನು ದಶಕಗಟ್ಟಲೆ ನುಂಗಿದವರಿಂದಲೇ ಭೂಮಿಯನ್ನೂ ಕೇಳಿದರು.

ಹಾಗಾದರೆ ಏನು ಮಾಡಬೇಕು? ನಾವು ನಾಲ್ಕು ಬೇಡಿಕೆಗಳನ್ನು ಮುಂದಿಡುತ್ತೇವೆ. ಒಂದು, ಯಾವ ಊರನ್ನಾಗಲಿ ನಗರಕ್ಕೆ ಸೇರಿಸುವ ಮೊದಲು ಆ ಊರಿನಲ್ಲೇ ಗ್ರಾಮಸಭೆ ಕರೆದು ಒಪ್ಪಿಗೆ ಕೇಳಬೇಕು, ಸೇರಿಸಿದ ಆರು ತಿಂಗಳಲ್ಲಿ ಚುನಾವಣೆ ನಡೆಸಬೇಕು. ಎರಡು, ಸೇರಿದ ಮೇಲೂ ಹಳೆಯ ಊರಿಗೆ ತನ್ನದೇ ಸಭೆ ಉಳಿಯಬೇಕು, ಕೆರೆ ತೋಪುಗಳ ಮೇಲೆ ಆ ಸಭೆಗೆ ಅಧಿಕಾರವಿರಬೇಕು. ಮೂರು, ಯಾವ ಕಾಯಿದೆಯಡಿ ಭೂಮಿ ಹಿಡಿದರೂ 2013ರ ಕಾಯಿದೆಯಲ್ಲಿ ಹೇಳಿದ ಕೂಲಿಕಾರ, ಗೇಣಿದಾರ, ಕಸುಬುದಾರರ ಹಕ್ಕು ಸಲ್ಲಬೇಕು, ಬಾಡಿಗೆ ಅಂಗಡಿಯವನನ್ನೂ ಅದರಲ್ಲಿ ಸೇರಿಸಬೇಕು. ನಾಲ್ಕು, ನೀರು ಮತ್ತು ಚರಂಡಿ ಬಂದ ದಿನದಿಂದ ಮಾತ್ರ ನಗರದ ತೆರಿಗೆ ಕೇಳಬೇಕು. ಹದಿನೇಳು ವರ್ಷ ಕಾಯಿಸಿ ತೆರಿಗೆ ಎತ್ತುವುದು ವ್ಯಾಪಾರದ ನೀತಿಯೂ ಅಲ್ಲ. ಸರಕು ಕೊಡದೆ ದುಡ್ಡು ಕೇಳಿದರೆ ನಿಮ್ಮ ಅಂಗಡಿಗೆ ಯಾರು ಬರುತ್ತಾರೆ?

ಇದೆಲ್ಲ ಆಗುವ ಮಾತೇ ಎಂದು ನಿಟ್ಟುಸಿರು ಬಿಡಬೇಡಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಹಿಡಿಯಹೊರಟಾಗ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮಳೆ, ಬಿಸಿಲು, ಪೋಲೀಸರು, ಎಲ್ಲವನ್ನೂ ಕಂಡು ಮೂರು ವರ್ಷ ಮೀರಿ ಕೂತರು. ಅವರ ಜೊತೆಗೆ ರೈತ ಸಂಘಗಳು ಮಾತ್ರವಲ್ಲ, ದಲಿತ ಸಂಘಟನೆಗಳೂ ಕಾರ್ಮಿಕ ಸಂಘಗಳೂ ನಿಂತವು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸಾರಿದರು. ಗೆದ್ದದ್ದು ಭೂಮಿ ಇದ್ದವರು ಮಾತ್ರವಲ್ಲ, ಊರು ಗೆದ್ದಿತು. ಕಾರ್ಮಿಕರು ಬದಿಯಲ್ಲಿ ನಿಂತುಕೊಂಡು ನೋಡಿದ್ದರೆ ಅದು ಅಷ್ಟು ಸುಲಭವಾಗಿರುತ್ತಿರಲಿಲ್ಲ.

ಆದುದರಿಂದ ಗಿರಣಿಯ ಬಂಧುಗಳಲ್ಲಿ ನಮ್ಮ ಕೋರಿಕೆ ಇದು. ಬರುವ ಗ್ರಾಮಸಭೆ ಯಾವ ದಿನ ಎಂದು ನಿಮ್ಮ ನಿಮ್ಮ ಊರಿನಲ್ಲಿ ಕೇಳಿ ತಿಳಿಯಿರಿ. ಅವತ್ತು ಪಾಳಿ ಬದಲಿಸಿಕೊಂಡಾದರೂ ಹೋಗಿ. ಅಂಗಡಿಯ ಗೆಳೆಯರು ಅವತ್ತು ಅರ್ಧ ದಿನ ಬಾಗಿಲು ಹಾಕಿ. ಹೋದವರು ಒಂದು ಪುಸ್ತಕ ಕೊಂಡುಹೋಗಿ, ಅದರಲ್ಲಿ ಪಹಣಿಯಲ್ಲಿ ಹೆಸರಿಲ್ಲದವರ ಹೆಸರು ಬರೆದುಕೊಳ್ಳಿ. ಯಾರು ಯಾರ ಹೊಲದಲ್ಲಿ ಎಷ್ಟು ವರ್ಷದಿಂದ ದುಡಿಯುತ್ತಾರೆ, ಯಾರ ಕುರಿ ಎಲ್ಲಿ ಮೇಯುತ್ತದೆ, ಯಾರ ಚಹಾದಂಗಡಿ ಯಾವ ಮರದ ಕೆಳಗಿದೆ, ಎಲ್ಲವನ್ನೂ ಬರೆದು ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ. ನಾಳೆ ಭೂಮಿಗೆ ಕಲ್ಲು ನೆಡಲು ಬಂದವರಿಗೆ ತೋರಿಸಲು ಊರಿನ ಕೈಯಲ್ಲಿ ಒಂದು ಕಾಗದವಾದರೂ ಇರಲಿ. ಕೆರೆಯ ಏರಿಯ ಮೇಲಿದ್ದ ಆ ಅಜ್ಜಿಯ ಊರಿನಲ್ಲಿ ಆ ಕಾಗದ ಇರಲಿಲ್ಲ.

ಈ ಕೆಲಸಕ್ಕೆ ದುಡ್ಡು ಬೇಡ, ಮಂತ್ರಿಗಳ ಅಪ್ಪಣೆ ಬೇಡ. ಒಂದು ಪುಸ್ತಕ, ಒಂದು ಲೇಖನಿ, ಒಂದು ದಿನದ ಬಿಡುವು ಸಾಕು. ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿರುತ್ತೇವೆ. ಯಾರು ಯಾವ ಊರಿಗೆ ಹೋಗುತ್ತೀರಿ ಎಂದು ಹೆಸರು ಬರೆಸಿ ಹೋಗಿ.